ಅಮ್ಮನನ್ನು ಪುಪುಸಾ ಹೋಟೆಲಿಗೆ ಕರೆದುಕೊಂಡು ಹೋಗಬೇಕು, ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?

ಸ್ಟರ್ಲಿಂಗ್_ಶಿವಮೊಗ್ಗ
ಎಲ್ಲರಿಗೂ ನಮಸ್ಕಾರ. ನಾವಿರುವುದು ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಮನೆ ಹತ್ತಿರದ ಅಂಗಡಿ ಸಾಲಿನಲ್ಲಿ, ಲಾಂಡ್ರಿ ಪಕ್ಕದಲ್ಲಿ, ಎಲ್ ಸಾಲ್ವಡಾರ್ ದೇಶದವರ ಒಂದು ಪುಟ್ಟ ಪುಪುಸಾ ಹೋಟೆಲ್ ಇದೆ. ಎಂಟು ಹತ್ತು ಟೇಬಲ್ ಇರಬಹುದು, ಅಷ್ಟೇ. ಸಂಜೆ ವಾಕಿಂಗ್ ಹೋದಾಗೆಲ್ಲ ಅಮ್ಮ ಅದರ ಗಾಜಿನ ಮುಂದೆ ನಿಂತುಬಿಡುತ್ತಾರೆ. ಒಳಗೆ ಇಬ್ಬರು ಹೆಂಗಸರು ಹಿಟ್ಟಿನ ಉಂಡೆಗೆ ಹೂರಣ ತುಂಬಿ, ಅಂಗೈಯಲ್ಲೇ ತಟ್ಟಿ ಕಾವಲಿಗೆ ಹಾಕುತ್ತಿರುತ್ತಾರೆ. "ಇವ್ರು ಹೋಳಿಗೆ ಮಾಡ್ತಿದಾರಲ್ಲೋ, ಒಂದಿನ ಕರ್ಕೊಂಡು ಹೋಗೋ" ಅಂತ ಅಮ್ಮನ ವರಾತ.

ಅಪ್ಪನಿಗೆ ಮನಸ್ಸಿಲ್ಲ. ಅಲ್ಲಿ ಹಂದಿ ಮಾಂಸದ್ದೂ ಮಾಡುತ್ತಾರೆ, ಅದೇ ಕೈ, ಅದೇ ಕಾವಲಿ ಅನ್ನುತ್ತಾರೆ. ಇಬ್ಬರೂ ಹುಟ್ಟಾ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಗೊತ್ತಿರುವವರು ಹೇಳಿ: ಏನು ಆರ್ಡರ್ ಮಾಡಬಹುದು? ಅವರ ಬೀನ್ಸ್‌ಗೆ ಹಂದಿ ಕೊಬ್ಬು ಹಾಕುತ್ತಾರಂತೆ, ನಿಜವಾ? ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಅಂತ ಕೇಳಿದರೆ ತಪ್ಪಾಗುತ್ತಾ?

ರಾಕ್‌ವಿಲ್_ರಂಗ
ಹೋಗಿ ಸಾರ್, ಯೋಚನೆನೇ ಬೇಡ. ಚೀಸ್ ಮತ್ತು ಲೊರೊಕೊ ಇರೋ ಪುಪುಸಾ ತಗೊಳ್ಳಿ.

ಕುಂದಾಪ್ರ_ಕುಸುಮ
ರಂಗ ಅವರೇ, ಅಷ್ಟು ಸುಲಭ ಇಲ್ಲ. ಮೊಟ್ಟೆಯನ್ನೂ ಮುಟ್ಟದವರು ಅಂತ ಅವರು ಹೇಳಿದ್ದಾರೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪುಪುಸಾ ಅಂದರೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳದ ಹಿಟ್ಟಿನಲ್ಲಿ ಹೂರಣ ತುಂಬಿ ತಟ್ಟಿದ ದಪ್ಪ ರೊಟ್ಟಿ. ಹಿಟ್ಟಿಗೆ ನೀರು, ಉಪ್ಪು ಬಿಟ್ಟರೆ ಸಾಮಾನ್ಯವಾಗಿ ಬೇರೇನೂ ಹಾಕಲ್ಲ. ತಕರಾರು ಇರುವುದೆಲ್ಲ ಒಳಗಿನ ಹೂರಣದಲ್ಲಿ.

ಬರೀ ಚೀಸ್, ಚೀಸ್ ಜೊತೆ ಲೊರೊಕೊ, ಚೀಸ್ ಜೊತೆ ಆಯೋತೆ, ಈ ಮೂರು ನಿಮ್ಮ ಅಮ್ಮನಿಗೆ ಆಗುತ್ತವೆ. ಲೊರೊಕೊ ಒಂದು ಬಳ್ಳಿಯ ಹಸಿರು ಮೊಗ್ಗು. ಅದಕ್ಕೆ ಒಂದು ಥರದ ಗಾಢ ವಾಸನೆ ಇದೆ, ಎಲ್ಲರಿಗೂ ಹಿಡಿಸಲ್ಲ. ಆಯೋತೆ ಅಂದರೆ ಎಳೆ ಕುಂಬಳದ ಜಾತಿಯ ತರಕಾರಿ, ತುರಿದು ಹಾಕುತ್ತಾರೆ. ಮೊದಲ ಸಲಕ್ಕೆ ಅದೇ ವಾಸಿ.

ಬೀನ್ಸ್ ಇರುವುದಕ್ಕೆ ಮಾತ್ರ ಕೇಳಲೇಬೇಕು. ಕೆಂಪು ಬೀನ್ಸನ್ನು ಬೇಯಿಸಿ ರುಬ್ಬಿ ಕೊಬ್ಬಿನಲ್ಲಿ ಬಾಡಿಸುತ್ತಾರೆ. ಕೆಲವರು ಎಣ್ಣೆ, ಕೆಲವರು ಹಂದಿ ಕೊಬ್ಬು. ಮೆನುವಿನಲ್ಲಿ 'ರೆವುಯೆಲ್ತಾ' ಅಂತ ಕಂಡರೆ ಅದನ್ನು ಬಿಟ್ಟುಬಿಡಿ. ಅದರಲ್ಲಿ ಚೀಸ್, ಬೀನ್ಸ್, ಹಂದಿ ಮಾಂಸ ಮೂರೂ ಸೇರಿರುತ್ತವೆ. ಇವರು ಪುಪುಸಾಗೆ ಹಾಕುವ ಹಂದಿ ಮಾಂಸ ತುಂಡುತುಂಡಾಗಿ ಇರಲ್ಲ. ಬೇಯಿಸಿ, ಟೊಮೆಟೊ ಜೊತೆ ನುಣ್ಣಗೆ ಅರೆದಿರುತ್ತಾರೆ. ಬೀನ್ಸ್ ಜೊತೆ ಸೇರಿದರೆ ಕಣ್ಣಿಗೆ ಗೊತ್ತೇ ಆಗಲ್ಲ. ಸುಮ್ನೆ "ಪುಪುಸಾ ಕೊಡಿ" ಅಂದರೆ ಬಹಳ ಕಡೆ ಇದನ್ನೇ ಕೊಡುತ್ತಾರೆ, ಯಾಕೆಂದರೆ ಜಾಸ್ತಿ ಜನ ತಿನ್ನುವುದು ಇದನ್ನೇ.

ಮಡಿವಾಳೇಶ್ವರ_ಭಕ್ತ
ನಿಮ್ಮ ತಂದೆಯವರ ಮಾತು ಸರಿ ಇದೆ. ಹಂದಿ ಮಾಂಸ ಬೇಯಿಸಿದ ಕಾವಲಿಯ ಮೇಲೆ ಮಾಡಿದ್ದನ್ನು ವಯಸ್ಸಾದವರಿಗೆ ಯಾಕೆ ತಿನ್ನಿಸಬೇಕು? ಚೀಸ್‌ನಲ್ಲಿ ಹೆಪ್ಪಿಗೆ ಪ್ರಾಣಿಯದ್ದು ಏನಾದರೂ ಹಾಕಿರುತ್ತಾರೋ ಅದೂ ಗೊತ್ತಿರಲ್ಲ. ಮನೆಯಲ್ಲೇ ಮಾಡಿಕೊಡಿ.

ಪ್ಲೇನೋ_ಪವನ
ಭಕ್ತರೇ, ಪಿಜ್ಜಾ ತಿನ್ನುತ್ತೀರಾ? ಆ ಚೀಸಿನ ಹೆಪ್ಪು ಯಾವುದು ಅಂತ ಕೇಳಿದ್ದೀರಾ? ಅದೇ ಓವನ್‌ನಲ್ಲಿ ಪೆಪರೋನಿ ಮಾಂಸ ಹಾಕಿದ್ದೂ ಬೇಯುತ್ತದೆ. ದೊಡ್ಡ ಕಂಪನಿಯದ್ದಾದರೆ ನಡೆಯುತ್ತೆ, ಲಾಂಡ್ರಿ ಪಕ್ಕದ ಬಡವರ ಹೋಟೆಲ್ ಆದರೆ ಮಡಿ ಬರುತ್ತೆ, ಇದು ಯಾವ ನ್ಯಾಯ?

ಮಡಿವಾಳೇಶ್ವರ_ಭಕ್ತ
ಪವನ್, ನಾನು ಹೊರಗಿನ ಪಿಜ್ಜಾ ತಿನ್ನಲ್ಲ. ಬಡವರು ಶ್ರೀಮಂತರು ಅನ್ನೋ ಮಾತೇ ನಾನು ಎತ್ತಿಲ್ಲ. ಇಲ್ಲದ್ದನ್ನು ನನ್ನ ಬಾಯಿಗೆ ತುರುಕಬೇಡಿ.

ಮೈಸೂರು_ಸಾನ್‌ಮಿಗೆಲ್
ನನ್ನ ಹೆಂಡತಿ ಎಲ್ ಸಾಲ್ವಡಾರ್‌ನ ಸಾನ್ ಮಿಗೆಲ್ ಕಡೆಯವಳು. ನಾನು ಮೈಸೂರಿನವನು, ಸಸ್ಯಾಹಾರಿ. ನಮ್ಮ ಮನೆಯಲ್ಲಿ ಎರಡೂ ಅಡುಗೆ ನಡೆಯುತ್ತದೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಕೊಬ್ಬಿನ ವಿಷಯ. ಇಲ್ಲಿನ ಸಣ್ಣ ಹೋಟೆಲ್‌ಗಳಲ್ಲಿ ಬೀನ್ಸ್‌ಗೆ ಅಡುಗೆ ಎಣ್ಣೆ ಬಳಸುವವರೂ ಸಾಕಷ್ಟು ಜನ ಇದ್ದಾರೆ. ಆದರೂ ಕೇಳದೆ ತಿನ್ನಬೇಡಿ. "ಲೋಸ್ ಫ್ರಿಹೋಲೆಸ್ ಯೇವಾನ್ ಮಾಂತೆಕಾ ದೆ ಸೆರ್ದೊ?" (ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದೀರಾ?) ಅಂತ ಕೇಳಿ. ಬರೀ 'ಮಾಂತೆಕಾ' ಅಂದರೆ ಡಬ್ಬದಲ್ಲಿ ಬರುವ ವನಸ್ಪತಿಯೂ ಆಗಬಹುದು, ಹಾಗಾಗಿ 'ದೆ ಸೆರ್ದೊ' ಸೇರಿಸಿ. ಇನ್ನೊಂದು ಮಾತು. "ಸಿನ್ ಕಾರ್ನೆ" (ಮಾಂಸ ಬೇಡ) ಅಂದರೆ ಸಾಕು ಅಂತ ನಮ್ಮವರು ತಿಳಿದಿರುತ್ತಾರೆ. ಹಾಗಂದರೆ ಕೋಳಿ ಹಾಕಿ ಕೊಟ್ಟರೂ ಕೊಟ್ಟಾರು. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಚಿಚರೋನ್", ಅಂದರೆ ಮಾಂಸ, ಕೋಳಿ, ಹಂದಿ ಬೇಡ ಅಂತ ಮೂರನ್ನೂ ಹೇಳಿ.

ಪುಪುಸಾ ಬಿಟ್ಟು ಬೇರೆಯವು. ಅನ್ನವನ್ನು ಬಹಳ ಕಡೆ ಕೋಳಿ ಸಾರಿನ ಪುಡಿ ಹಾಕಿ ಮಾಡುತ್ತಾರೆ. ಬಾಳೆ ಎಲೆಯಲ್ಲಿ ಸುತ್ತಿದ ತಮಾಲೆ ನೋಡಲು ಚೆನ್ನಾಗಿರುತ್ತದೆ, ಆದರೆ ಅದರ ಹಿಟ್ಟಿಗೇ ಕೊಬ್ಬು ಅಥವಾ ಸಾರು ಬೀಳುತ್ತದೆ. ಮರಗೆಣಸು ಕರಿದು ಕೊಡುತ್ತಾರೆ, ಮೇಲೆ ಮಾಂಸ ಇರುತ್ತದೆ. ಬೇಡ ಅನ್ನಬಹುದು, ಆದರೆ ಎಣ್ಣೆ ಬಾಣಲೆ ಒಂದೇ. ನೇಂದ್ರ ಬಾಳೆ ಕರಿದಿದ್ದೂ ಅಷ್ಟೇ. ಅತೋಲ್ ದೆ ಎಲೋತೆ ಇದ್ದರೆ ಖಂಡಿತ ಕೊಡಿಸಿ. ಎಳೆ ಮುಸುಕಿನ ಜೋಳ ರುಬ್ಬಿ, ಸೋಸಿ, ಹಾಲು ಸಕ್ಕರೆ ಚಕ್ಕೆ ಹಾಕಿ ಕುದಿಸಿದ್ದು, ಬಿಸಿಬಿಸಿ ಲೋಟದಲ್ಲಿ ಬರುತ್ತದೆ.

ಬೇರೆ ಬಾಣಲೆ ಕೇಳಬಹುದಾ ಅಂದರೆ, ಕೇಳಬಹುದು. ಭಾನುವಾರ ಮಧ್ಯಾಹ್ನ ಕೇಳಬೇಡಿ. ಚರ್ಚ್ ಮುಗಿಸಿ ಜನ ಕುಟುಂಬ ಸಮೇತ ಬಂದಿರುತ್ತಾರೆ, ಕಾವಲಿ ಮೇಲೆ ಒಂದಿಂಚು ಜಾಗ ಇರಲ್ಲ. ವಾರದ ದಿನ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಹೋಗಿ, ನಿಮ್ಮ ಅಮ್ಮನನ್ನು ತೋರಿಸಿ ಕೇಳಿ. ಅಮ್ಮಂದಿರಿಗೆ ಇಲ್ಲ ಅನ್ನುವುದು ಅವರಿಗೆ ಬಹಳ ಕಷ್ಟ.

ಸ್ಟರ್ಲಿಂಗ್_ಶಿವಮೊಗ್ಗ
ಸಾರ್, ಇದನ್ನೇ ಹುಡುಕುತ್ತಿದ್ದೆ. ನಿಮ್ಮ ಮನೆಯವರಿಗೂ ನಮ್ಮ ನಮಸ್ಕಾರ ತಿಳಿಸಿ.

ಫ್ರೀಮಾಂಟ್_ಫಣಿ
ಟ್ಯಾಕೊ ಹೋಟೆಲ್ ತಾನೆ? ಬರಿಟೊ ಬೌಲ್ ತಗೊಂಡರೆ ಈ ರಗಳೆಯೇ ಇಲ್ಲ.

ಎಲ್ಎ_ಕನ್ನಡತಿ
ಫಣಿ, ಅಲ್ಲ! ಎಲ್ ಸಾಲ್ವಡಾರ್ ಬೇರೆ ದೇಶ, ಮೆಕ್ಸಿಕೊ ಬೇರೆ ದೇಶ. ನಡುವೆ ಗ್ವಾಟೆಮಾಲ ಇದೆ. ಊಟವೂ ಬೇರೆ. ಇವರ ಅಡುಗೆಯಲ್ಲಿ ಖಾರ ಕಡಿಮೆ. ಇವರ ಕೆಸದಿಯಾ ಅಂದರೆ ಮೇಲೆ ಎಳ್ಳು ಹಾಕಿದ, ಚೀಸ್ ಬೆರೆಸಿ ಬೇಯಿಸಿದ ಸಿಹಿ ಕೇಕು, ಕಾಫಿ ಜೊತೆ ತಿನ್ನುತ್ತಾರೆ (ಮೊಟ್ಟೆ ಇರುತ್ತೆ, ಶಿವಮೊಗ್ಗದವರು ಗಮನಿಸಿ). ಓರ್ಚಾತಾ ಕೂಡ ಅಷ್ಟೇ. ಮೆಕ್ಸಿಕೊದವರು ಅಕ್ಕಿಯಲ್ಲಿ ಮಾಡುತ್ತಾರೆ, ಇವರು ಮೊರ್ರೊ ಅನ್ನುವ ಕಾಯಿಯ ಬೀಜ ಹುರಿದು, ಎಳ್ಳು ಚಕ್ಕೆ ಎಲ್ಲ ಸೇರಿಸಿ ಪುಡಿ ಮಾಡಿ ಮಾಡುತ್ತಾರೆ. ಕಡಲೆಕಾಯಿ ಹಾಕುವವರೂ ಇದ್ದಾರೆ, ಅಲರ್ಜಿ ಇರುವವರು ಕೇಳಿಕೊಳ್ಳಿ.

ನಮ್ಮ ಲಾಸ್ ಏಂಜಲೀಸ್‌ನಲ್ಲಿ ವರ್ಮಾಂಟ್ ಅವೆನ್ಯೂದ ಒಂದು ಭಾಗಕ್ಕೆ 2012ರಲ್ಲಿ ಎಲ್ ಸಾಲ್ವಡಾರ್ ಕಾರಿಡಾರ್ ಅಂತ ಅಧಿಕೃತವಾಗಿಯೇ ಹೆಸರಿಟ್ಟಿದ್ದಾರೆ. ಅಲ್ಲಿ ಫುಟ್‌ಪಾತ್ ಮೇಲೆ ಕಾವಲಿ ಇಟ್ಟುಕೊಂಡು ಮಾಡಿಕೊಡುವವರ ಕೈರುಚಿ ಯಾವ ಹೋಟೆಲಿಗೂ ಇಲ್ಲ.

ಫ್ರೀಮಾಂಟ್_ಫಣಿ
ಸರಿ ಮೇಡಂ. ಈ ದೇಶ ಎಷ್ಟು ದೊಡ್ಡದು?

ಎಲ್ಎ_ಕನ್ನಡತಿ
ಸುಮಾರು 21,000 ಚದರ ಕಿಲೋಮೀಟರ್. ಎರಡು ಉತ್ತರ ಕನ್ನಡ ಜಿಲ್ಲೆ ಸೇರಿಸಿದರೆ ಎಷ್ಟೋ ಹೆಚ್ಚುಕಡಿಮೆ ಅಷ್ಟು. ಜನಸಂಖ್ಯೆ 60 ಲಕ್ಷದ ಮೇಲೆ. ಅಮೆರಿಕಾದಲ್ಲೇ ಆ ಮೂಲದವರು 20 ಲಕ್ಷಕ್ಕಿಂತ ಜಾಸ್ತಿ ಇದ್ದಾರೆ.

ಹ್ಯೂಸ್ಟನ್_ಹುಬ್ಳಿ
ನಾ ಒಂದ್ ಮಾತು ಹೇಳ್ತೀನ್ರಿ. ಫೋರ್ಕ್ ಚಾಕು ತಗೊಂಡು ಕುಯ್ಕೊಂಡು ತಿನ್ನಬ್ಯಾಡ್ರಿ. ಕೈಲೇ ಹರಿದು ತಿನ್ರಿ. ಎಲೆಕೋಸಿನ ಕುರ್ತಿದೊ (ಹುಳಿ ಉಪ್ಪಿನಕಾಯಿ ಥರ) ಮ್ಯಾಲೆ ಹಾಕ್ಕೊಂಡು, ಟೊಮೆಟೊ ಸಾಸ್ ಸುರುವಿಕೊಂಡು ಬಿಸಿ ಇದ್ದಾಗಲೇ ತಿನ್ನಬೇಕು. ಆರಿದರ ಚೀಸ್ ಗಟ್ಟಿ ಆಗ್ತದ, ರುಚಿ ಹೋಗ್ತದ. ಹಂಗ, ಅವರ ಸಾಸ್ ಭಾಳ ಸಪ್ಪಗಿರ್ತದ. ನಾನಂತೂ ಕಿಸೆದಾಗ ಕೆಂಪು ಚಟ್ನಿ ಡಬ್ಬಿ ಇಟ್ಕೊಂಡೇ ಹೋಗ್ತೀನಿ.

ಕುಂದಾಪ್ರ_ಕುಸುಮ
ಚಟ್ನಿ ಬೇಡ ಅಣ್ಣಾ! ಕುರ್ತಿದೊದ ಹುಳಿಗೂ ಆ ಚೀಸಿಗೂ ಹೊಂದುವ ಹಾಗೆ ಅವರು ಮಾಡಿಟ್ಟಿರುತ್ತಾರೆ. ಅದರ ಮೇಲೆ ನಮ್ಮ ಬೆಳ್ಳುಳ್ಳಿ ಖಾರ ಸುರಿದರೆ ಏನೂ ಗೊತ್ತಾಗಲ್ಲ. ಖಾರ ಬೇಕಂದರೆ ಕೇಳಿ, ಹಲಪೇನೊ ಹಾಕಿದ ಕುರ್ತಿದೊ ಕೆಲವು ಕಡೆ ಬೇರೆ ಇಟ್ಟಿರುತ್ತಾರೆ.

ಹ್ಯೂಸ್ಟನ್_ಹುಬ್ಳಿ
ನನ್ನ ನಾಲಗಿ, ನನ್ನ ಚಟ್ನಿ ತಂಗೀ. ಅವರಿಗೂ ಒಂದ್ ಚಮಚ ಕೊಟ್ಟೀನಿ, ಚಪ್ಪರಿಸಿ ತಿಂದಾರ.

ಎಡಿಸನ್_ಎಂಜಿನಿಯರ್
ಎಲ್ಲರೂ ಹೊಗಳುತ್ತಿದ್ದೀರಿ. ನಾನೂ ನ್ಯೂಜೆರ್ಸಿಯಲ್ಲಿ ಒಂದು ಕಡೆ ಹೋಗಿದ್ದೆ. ಆರ್ಡರ್ ಕೊಟ್ಟು ಮುಕ್ಕಾಲು ಗಂಟೆ ಕೂರಿಸಿದರು. ನೀರು ಕೂಡ ಕೇಳಿದ ಮೇಲೆ ಕೊಟ್ಟರು. ನಮ್ಮ ನಂತರ ಬಂದವರಿಗೆ ಮೊದಲು ಹೋಯಿತು. ಮಗು ಹಸಿವಿನಿಂದ ಅಳುತ್ತಿತ್ತು. ನನಗಂತೂ ಮತ್ತೆ ಹೋಗುವ ಮನಸ್ಸಿಲ್ಲ.

ಮೈಸೂರು_ಸಾನ್‌ಮಿಗೆಲ್
ಮಗು ಅಳುವಾಗ ಕೂರಿಸಿದ್ದು ತಪ್ಪು, ಅದನ್ನು ಒಪ್ಪುತ್ತೇನೆ. ತಡ ಯಾಕೆ ಆಗುತ್ತದೆ ಅಂತ ಮಾತ್ರ ಹೇಳುತ್ತೇನೆ. ಆರ್ಡರ್ ಬಂದ ಮೇಲೇ ತಟ್ಟುತ್ತಾರೆ. ಒಂದೊಂದು ಬದಿ ನಾಲ್ಕೈದು ನಿಮಿಷ ಬೇಯಬೇಕು. ತಟ್ಟುವ ಕೈ ಇರುವುದು ಒಂದೋ ಎರಡೋ ಜೋಡಿ. ಪಾರ್ಸೆಲ್‌ಗೆ ಫೋನ್‌ನಲ್ಲಿ ಇಪ್ಪತ್ತು, ಮೂವತ್ತು ಹೇಳಿಟ್ಟಿರುತ್ತಾರೆ. ನಿಮ್ಮ ನಂತರ ಬಂದವರು ಅವರೇ ಇರಬಹುದು. ಮಕ್ಕಳಿದ್ದರೆ ಮೊದಲೇ ಫೋನ್ ಮಾಡಿ ಹೇಳುವುದು ಒಳ್ಳೆಯದು.

ಹೆಚ್1ಬಿ_ಹರೀಶ
ಊಟದ ಮಾತು ಬಿಡಿ. ನಾವು ಓದಿ, ತೆರಿಗೆ ಕಟ್ಟಿ, ಗ್ರೀನ್ ಕಾರ್ಡ್‌ಗೆ ವರ್ಷಗಟ್ಟಲೆ ಸಾಲಿನಲ್ಲಿ ನಿಂತಿದ್ದೇವೆ. ಇವರಲ್ಲಿ ಎಷ್ಟೋ ಜನ ಗಡಿ ದಾಟಿ ಬಂದವರು. ನಮ್ಮ ದುಡ್ಡು ಅಲ್ಲಿಗೆ ಯಾಕೆ ಹೋಗಬೇಕು?

ಪ್ಲೇನೋ_ಪವನ
ಇದೇ ಬಾಕಿ ಇತ್ತು.

ಲ್ಯಾಂಗ್ಲಿ_ಪಾರ್ಕ್_ಹಳಬ
ಹರೀಶ್, ನಾನು ಎಂಬತ್ತರ ದಶಕದ ಕೊನೆಯಿಂದ ಮೇರಿಲ್ಯಾಂಡ್‌ನಲ್ಲಿದ್ದೇನೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ನಿಮ್ಮ ಸಿಟ್ಟು ಹೋಗಬೇಕಾದ ಕಡೆ ಹೋಗಿಲ್ಲ. ಗ್ರೀನ್ ಕಾರ್ಡ್‌ನಲ್ಲಿ ಒಂದೊಂದು ದೇಶಕ್ಕೆ ಶೇ 7ರ ಮಿತಿ ಹಾಕಿದ್ದು ಪುಪುಸಾ ತಟ್ಟುವ ಹೆಂಗಸಲ್ಲ.

ಇವರು ಯಾಕೆ ಬಂದರು ಅಂತ ಸ್ವಲ್ಪ ತಿಳಿದುಕೊಳ್ಳಿ. 1980ರಿಂದ 1992ರವರೆಗೆ ಆ ದೇಶದಲ್ಲಿ ಒಳಯುದ್ಧ. ಸುಮಾರು 75,000 ಜನ ಸತ್ತರು. ಅಮೆರಿಕಾ ಸರ್ಕಾರ ಅಲ್ಲಿನ ಸೇನೆಗೆ ಹಣ, ಆಯುಧ, ತರಬೇತಿ ಎಲ್ಲ ಕೊಡುತ್ತಿತ್ತು. ಈ ಹೋಟೆಲ್‌ಗಳ ಗೋಡೆ ಮೇಲೆ ಕನ್ನಡಕ ಹಾಕಿದ ಒಬ್ಬ ಪಾದ್ರಿಯ ಫೋಟೋ ನೋಡಿರಬಹುದು. ಆರ್ಚ್‌ಬಿಷಪ್ ಆಸ್ಕರ್ ರೊಮೆರೊ. ಜನರನ್ನು ಕೊಲ್ಲಬೇಡಿ ಅಂತ ಸೈನಿಕರಿಗೆ ಬಹಿರಂಗವಾಗಿ ಹೇಳಿದ ಮರುದಿನ, 1980ರ ಮಾರ್ಚ್ 24ರಂದು, ಪೂಜೆ ಮಾಡುತ್ತಿರುವಾಗಲೇ ಅವರನ್ನು ಗುಂಡಿಟ್ಟು ಕೊಂದರು. 2018ರಲ್ಲಿ ಕ್ಯಾಥೊಲಿಕ್ ಚರ್ಚ್ ಅವರನ್ನು ಸಂತ ಅಂತ ಘೋಷಿಸಿತು. ಯುದ್ಧ ಮುಗಿದ ಮೇಲೂ ನೆಮ್ಮದಿ ಸಿಗಲಿಲ್ಲ. 2001ರ ಜನವರಿ, ಫೆಬ್ರವರಿಯಲ್ಲಿ ಒಂದರ ಹಿಂದೆ ಒಂದು ದೊಡ್ಡ ಭೂಕಂಪ. ಆ ವರ್ಷವೇ ಇಲ್ಲಿದ್ದ ಆ ದೇಶದವರಿಗೆ, ವಾಪಸ್ ಕಳಿಸದ ಹಾಗೆ, ತಾತ್ಕಾಲಿಕ ರಕ್ಷಣೆ ಕೊಟ್ಟರು. ತಾತ್ಕಾಲಿಕ ಅಂದರೆ ತಾತ್ಕಾಲಿಕವೇ, ಅದು ಗ್ರೀನ್ ಕಾರ್ಡ್ ಅಲ್ಲ. ಎಷ್ಟೋ ಜನ ಮತ್ತೆ ಮತ್ತೆ ನವೀಕರಿಸಿಕೊಂಡೇ ಮಕ್ಕಳನ್ನು ಬೆಳೆಸಿದ್ದಾರೆ. ಸಾಲಿನಲ್ಲಿ ನಿಲ್ಲುವುದು ಅವರಿಗೂ ಗೊತ್ತು.

ಆಗ ನಮಗೆ ತೊಗರಿಬೇಳೆ, ಕರಿಬೇವು ಸಿಗುತ್ತಿದ್ದುದು ಲ್ಯಾಂಗ್ಲಿ ಪಾರ್ಕ್ ಸುತ್ತಮುತ್ತ. ಇಂಡಿಯನ್ ಅಂಗಡಿಗಳಿದ್ದ ಕಡೆಯೇ ಪುಪುಸಾ ಹೋಟೆಲ್‌ಗಳೂ ಇದ್ದವು. ಒಂದು ಚಳಿಗಾಲದಲ್ಲಿ ಹಿಮ ಬಿದ್ದು ನನ್ನ ಕಾರು ಸಿಕ್ಕಿಹಾಕಿಕೊಂಡಾಗ ಸಲಿಕೆ ತಂದು ಬಿಡಿಸಿದವರು ಒಳಗೆ ಊಟ ಮಾಡುತ್ತಿದ್ದ ಆ ಹುಡುಗರು. ನನ್ನ ದುಡ್ಡು ಅಲ್ಲಿಗೆ ಹೋದರೆ ನನಗೆ ಸಂತೋಷವೇ.

ಹೆಚ್1ಬಿ_ಹರೀಶ
ಇತಿಹಾಸ ನನಗೂ ಗೊತ್ತು ಸಾರ್. ಕಾನೂನು ಎಲ್ಲರಿಗೂ ಒಂದೇ ಇರಬೇಕು ಅನ್ನುವುದಷ್ಟೇ ನನ್ನ ವಾದ. ಅದನ್ನು ಬಿಡಲ್ಲ.

ನಿರ್ವಾಹಕ
ವಲಸೆಯ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಊಟದ ಮಾತು ಮುಂದುವರಿಯಲಿ.

ಸ್ಟರ್ಲಿಂಗ್_ಶಿವಮೊಗ್ಗ
ಹೋಗಿ ಬಂದೆವು! ಬುಧವಾರ ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ. ಮೂರು ಟೇಬಲ್‌ನಲ್ಲಿ ಮಾತ್ರ ಜನ ಇದ್ದರು. ಮೂಲೆಯ ಟಿವಿಯಲ್ಲಿ ಫುಟ್‌ಬಾಲ್. ಪ್ರತಿ ಟೇಬಲ್ ಮೇಲೂ ದೊಡ್ಡ ಗಾಜಿನ ಜಾಡಿಯಲ್ಲಿ ಕುರ್ತಿದೊ, ಪಕ್ಕದಲ್ಲಿ ಬಾಟ್ಲಿಯಲ್ಲಿ ಟೊಮೆಟೊ ಸಾಸ್.

ಸಾನ್‌ಮಿಗೆಲ್ ಸಾರ್ ಹೇಳಿಕೊಟ್ಟ ಹಾಗೇ ಕೇಳಿದೆ. ಬೀನ್ಸ್‌ಗೆ ಎಣ್ಣೆ ಮಾತ್ರ ಅಂದರು. ಬಾಣಲೆ ವಿಷಯ ಹೇಳುವಷ್ಟರಲ್ಲಿ ಅಡುಗೆಯಾಕೆಯೇ ಹೊರಗೆ ಬಂದು ಅಮ್ಮನ ಮುಖ ನೋಡಿ, ಒಳಗೆ ಹೋಗಿ ಒಂದು ಸಣ್ಣ ಕಬ್ಬಿಣದ ಬಾಣಲೆ ತೊಳೆದು ಒಲೆ ಮೇಲಿಟ್ಟರು. ಅಮ್ಮ ಕೌಂಟರ್ ಹತ್ತಿರವೇ ನಿಂತು ನೋಡಿದರು. ಆಕೆ ನೀರು ಎಣ್ಣೆ ಬೆರೆಸಿದ ಬಟ್ಟಲಲ್ಲಿ ಕೈ ಅದ್ದಿಕೊಂಡು, ನಿಂಬೆಗಿಂತ ದಪ್ಪ ಉಂಡೆ ತೆಗೆದು, ಹೆಬ್ಬೆರಳಿನಿಂದ ಗುಳಿ ಮಾಡಿ, ಹೂರಣ ಇಟ್ಟು, ಅಂಚನ್ನೆಲ್ಲ ಮೇಲಕ್ಕೆ ಎಳೆದು ಮುಚ್ಚಿ, ಜುಟ್ಟಿನ ಹಾಗೆ ಉಳಿದ ಹಿಟ್ಟನ್ನು ಚಿವುಟಿ ತೆಗೆದರು. ಆಮೇಲೆ ಎರಡು ಅಂಗೈ ನಡುವೆ ಪಟಪಟ ಅಂತ ತಿರುಗಿಸುತ್ತಾ ತಟ್ಟಿದರು. ಎಲೆ ಇಲ್ಲ, ಲಟ್ಟಣಿಗೆ ಇಲ್ಲ, ಎಲ್ಲೂ ಹರಿಯಲಿಲ್ಲ. ಅಮ್ಮ ಕಣ್ಣು ಮಿಟುಕಿಸದೆ ನೋಡಿ "ಕೈ ಪಳಗಿದೆ" ಅಂದರು. ಅಮ್ಮನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಲೊರೊಕೊ ವಾಸನೆ ಅಮ್ಮನಿಗೆ ಹಿಡಿಸಲಿಲ್ಲ, ನಾನೇ ತಿಂದೆ. ಆಯೋತೆ ಚೀಸ್ ಬಹಳ ಇಷ್ಟವಾಯಿತು. ಚೀಸ್ ಹೊರಗೆ ಸೋರಿ ಬಾಣಲೆಗೆ ಅಂಟಿ ಗರಿಗರಿ ಆಗಿರುತ್ತದಲ್ಲ, ಆ ಅಂಚನ್ನು ಬಿಡಿಸಿ ಬಿಡಿಸಿ ತಿಂದರು. ಕುರ್ತಿದೊ ಜಾಡಿ ಅರ್ಧ ಖಾಲಿ.

ಅಪ್ಪ ಬಂದರು, ಆದರೆ ಪುಪುಸಾ ತಿನ್ನಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಎನ್ಸಲಾದಾ ಅಂತ ಒಂದು ಜ್ಯೂಸ್ ಇತ್ತು, ಹಣ್ಣುಗಳನ್ನು ಸಣ್ಣಗೆ ಹೆಚ್ಚಿ ಹಾಕಿರುತ್ತಾರೆ, ಚಮಚ ಕೊಡುತ್ತಾರೆ. ಒಂದು ಗುಟುಕು ಕುಡಿದು ಅಪ್ಪ ನಿಲ್ಲಿಸಿದರು. "ಇದ್ರಲ್ಲಿ ಗೇರುಹಣ್ಣು ಇದೆ ಕಣೋ!" ಕೇಳಿದರೆ ಹೌದು, ಮಾರಾನ್ಯೋನ್ ಅಂದರು. ಇನ್ನೊಂದು ಲೋಟ ತರಿಸಿಕೊಂಡರು.

ಕುಂದಾಪ್ರ_ಕುಸುಮ
ಅಯ್ಯೋ ಗೇರುಹಣ್ಣು! ನಮ್ಮ ಕಡೆ ಬೀಜ ಕಿತ್ತುಕೊಂಡು ಹಣ್ಣನ್ನು ಮರದ ಬುಡದಲ್ಲೇ ಎಸೆದುಬಿಡುತ್ತಾರೆ. ಅಮೆರಿಕಾದಲ್ಲಿ ಸಿಗುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ಎಲ್ಲಿ ಸಿಗುತ್ತೆ?

ಮೈಸೂರು_ಸಾನ್‌ಮಿಗೆಲ್
ಲ್ಯಾಟಿನ್ ಅಂಗಡಿಗಳ ಫ್ರೀಜರ್‌ನಲ್ಲಿ ನೋಡಿ, ಇಡೀ ಹಣ್ಣೂ ಇರುತ್ತದೆ, ತಿರುಳೂ ಇರುತ್ತದೆ. ಲೊರೊಕೊ ಕೂಡ ಅಲ್ಲೇ. ಶಿವಮೊಗ್ಗದವರೇ, ನಿಮ್ಮ ಅಮ್ಮನ ಮಾತನ್ನು ನನ್ನ ಹೆಂಡತಿಗೆ ಹೇಳಿದೆ. ಬಹಳ ಖುಷಿಪಟ್ಟಳು.

ಮಡಿವಾಳೇಶ್ವರ_ಭಕ್ತ
ಬೇರೆ ಬಾಣಲೆ ತೊಳೆದು ಮಾಡಿಕೊಟ್ಟರಲ್ಲ, ಆ ತಾಯಿಗೆ ಒಳ್ಳೆಯದಾಗಲಿ. ನಿಮ್ಮ ತಂದೆಯವರನ್ನು ಒತ್ತಾಯಿಸದೆ ಇದ್ದದ್ದೂ ಒಳ್ಳೆಯದಾಯಿತು.

ರಾಕ್‌ವಿಲ್_ರಂಗ
ಬಿಲ್ ಎಷ್ಟಾಯಿತು? ಟಿಪ್ ಎಷ್ಟು ಕೊಟ್ಟಿರಿ?

ಸ್ಟರ್ಲಿಂಗ್_ಶಿವಮೊಗ್ಗ
ಪುಪುಸಾ ಒಂದಕ್ಕೆ ಮೂರೂವರೆ ಡಾಲರ್. ಜ್ಯೂಸ್ ಬೇರೆ. ಅಷ್ಟು ಕಾಳಜಿಯಿಂದ ಮಾಡಿಕೊಟ್ಟಿದ್ದಕ್ಕೆ ಶೇ 20ಕ್ಕಿಂತ ಜಾಸ್ತಿಯೇ ಕೊಟ್ಟೆ.

ರಾಕ್‌ವಿಲ್_ರಂಗ
ಟಿಪ್ ಕ್ಯಾಶ್‌ನಲ್ಲೇ ಕೊಡಿ ಸಾರ್. ಬೇರೆ ಬಾಣಲೆ ಕೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕೆಲಸ ಎರಡು ಪಟ್ಟು ಮಾಡಿಸಿ ಒಂದು ಡಾಲರ್ ಇಟ್ಟು ಬರುವವರನ್ನೂ ನೋಡಿದ್ದೇನೆ, ನೋಡಿ ಬೇಜಾರಾಗಿದೆ.

ಬೋಸ್ಟನ್_ಬೇಲೂರು
ಮನೆಯಲ್ಲಿ ಮಾಡಲು ಇಂಡಿಯನ್ ಅಂಗಡಿಯ ಮಕ್ಕಿ ಆಟಾ (ಮುಸುಕಿನ ಜೋಳದ ಹಿಟ್ಟು) ಆಗುತ್ತಾ? ಒಂದು ಪ್ಯಾಕೆಟ್ ಸುಮ್ನೆ ಬಿದ್ದಿದೆ.

ಎಲ್ಎ_ಕನ್ನಡತಿ
ಆಗಲ್ಲ. ಹೂರಣ ಇಟ್ಟು ಮುಚ್ಚುವಾಗಲೇ ಬಿರುಕು ಬಿಡುತ್ತದೆ. ಮಾಸಾ ಹರೀನಾ, ಅಂದರೆ ಸುಣ್ಣದ ನೀರಿನಲ್ಲಿ ಬೇಯಿಸಿದ ಜೋಳದ ಹಿಟ್ಟೇ ಬೇಕು. ಮಸೆಕಾ ಅಂತ ಬ್ರ್ಯಾಂಡ್ ಎಲ್ಲ ಕಡೆ ಸಿಗುತ್ತೆ.

ಡಾಕ್ಟರ್_ದಾವಣಗೆರೆ
ಯಾಕೆ ಆಗಲ್ಲ ಅನ್ನುವುದು ಸ್ವಾರಸ್ಯದ ವಿಷಯ. ಮಾಸಾ ಮಾಡುವಾಗ ಮುಸುಕಿನ ಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ಸುಣ್ಣಕ್ಕೆ ಕಾಳಿನ ಸಿಪ್ಪೆ ಬಿಟ್ಟುಕೊಳ್ಳುತ್ತದೆ, ಹಿಟ್ಟಿಗೆ ಜಿಗುಟು ಬರುತ್ತದೆ. ಸುಮ್ನೆ ಒಣಗಿಸಿ ಬೀಸಿದ ಹಿಟ್ಟಿಗೆ ಆ ಗುಣ ಬರಲ್ಲ.

ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮುಸುಕಿನ ಜೋಳದಲ್ಲಿರುವ ನಯಾಸಿನ್ ಅನ್ನುವ ಬಿ ವಿಟಮಿನ್ ನಮ್ಮ ಹೊಟ್ಟೆಗೆ ದಕ್ಕದ ರೂಪದಲ್ಲಿರುತ್ತದೆ. ಸುಣ್ಣದ ನೀರಿನಲ್ಲಿ ಬೇಯಿಸಿದರೆ ಅದು ಬಿಡುಗಡೆಯಾಗುತ್ತದೆ. ಯೂರೋಪಿನವರು ಜೋಳವನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. ಜೋಳವನ್ನೇ ನೆಚ್ಚಿಕೊಂಡ ಬಡವರಿಗೆ ಇಟಲಿಯಲ್ಲಿ ಪೆಲಾಗ್ರಾ ರೋಗ ಬಂತು, ಆಮೇಲೆ ಅಮೆರಿಕಾದ ದಕ್ಷಿಣ ರಾಜ್ಯಗಳಲ್ಲೂ ಬಂತು. ಚರ್ಮ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ನಮ್ಮ ದಖನ್ನಿನಲ್ಲೂ ಬಿಳಿಜೋಳವನ್ನೇ ನೆಚ್ಚಿಕೊಂಡ ಬಡವರಲ್ಲಿ ಪೆಲಾಗ್ರಾ ಕಾಣಿಸಿಕೊಂಡಿತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಹೊತ್ತಿಗೆ ಅದರ ಮೇಲೆ ಕೆಲಸ ಮಾಡಿದ್ದರು. ಪುಪುಸಾ ತಟ್ಟುವವರ ಮುತ್ತಜ್ಜಿಯರು ವಿಟಮಿನ್ ಅನ್ನುವ ಹೆಸರು ಹುಟ್ಟುವ ಸಾವಿರಾರು ವರ್ಷ ಮೊದಲೇ ಈ ವಿದ್ಯೆ ಕಲಿತಿದ್ದರು. ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಹ್ಯೂಸ್ಟನ್_ಹುಬ್ಳಿ
ಡಾಕ್ಟ್ರೇ, ಜೋಳದ ರೊಟ್ಟಿ ತಿನ್ನಬ್ಯಾಡ ಅಂತೀರೇನ್ರಿ ಹಂಗಾದ್ರ?

ಡಾಕ್ಟರ್_ದಾವಣಗೆರೆ
ಖಂಡಿತ ಅಲ್ಲ ಸಾರ್! ಬೇಳೆ, ಕಾಳು, ಮೊಸರು, ಸೊಪ್ಪು ಜೊತೆಗಿದ್ದರೆ ಏನೂ ತೊಂದರೆ ಇಲ್ಲ. ಬೇರೇನೂ ಸಿಗದೆ ರೊಟ್ಟಿ ಒಂದೇ ತಿನ್ನುವ ಬಡತನದ ಮಾತು ನಾನು ಹೇಳಿದ್ದು.

ಬೋಸ್ಟನ್_ಬೇಲೂರು
ಹಾಗಾದರೆ ಮಸೆಕಾ ತರುತ್ತೇನೆ. ಅಳತೆ ಹೇಳಿ. ಕುರ್ತಿದೊ ಕೂಡ. ನಮ್ಮ ಅತ್ತೆ ಈರುಳ್ಳಿ ತಿನ್ನಲ್ಲ.

ಎಲ್ಎ_ಕನ್ನಡತಿ
ಎರಡು ಕಪ್ ಹಿಟ್ಟಿಗೆ ಒಂದೂವರೆಯಿಂದ ಒಂದೂಮುಕ್ಕಾಲು ಕಪ್ ಬಿಸಿನೀರು, ಉಪ್ಪು. ಕಲಸಿ ಹದಿನೈದು ನಿಮಿಷ ಬಟ್ಟೆ ಮುಚ್ಚಿಡಿ. ಉಂಡೆಯನ್ನು ಒತ್ತಿದಾಗ ಅಂಚು ಬಿರಿಯಬಾರದು, ಬಿರಿದರೆ ಇನ್ನೂ ನೀರು ಬೇಕು. ಚೀಸ್‌ಗೆ ಮೊಜರೆಲ್ಲಾ ಆಗುತ್ತೆ. ತುರಿದ ಚೀಸನ್ನು ಆಯೋತೆ ಜೊತೆ ಕೈಯಲ್ಲೇ ಚೆನ್ನಾಗಿ ಹಿಸುಕಿ ಮುದ್ದೆ ಮಾಡಿಕೊಳ್ಳಿ, ಆಗ ತುಂಬುವುದು ಸುಲಭ. ಆಯೋತೆ ಸಿಗದಿದ್ದರೆ ಝುಕಿನಿ ತುರಿದು, ಉಪ್ಪು ಹಾಕಿ, ನೀರು ಹಿಂಡಿ ತೆಗೆಯಿರಿ. ಹಿಂಡದೆ ಹಾಕಿದರೆ ಬಾಣಲೆಯಲ್ಲಿ ಒಡೆದುಹೋಗುತ್ತದೆ.

ಕುರ್ತಿದೊಗೆ ಎಲೆಕೋಸು, ಕ್ಯಾರೆಟ್ ಸಣ್ಣಗೆ ಹೆಚ್ಚಿ, ಕುದಿಯುವ ನೀರು ಸುರಿದು ಒಂದು ನಿಮಿಷ ಬಿಟ್ಟು ಸೋಸಿ. ವಿನೆಗರ್, ಉಪ್ಪು, ಒಣ ಓರೆಗಾನೊ ಹಾಕಿ ಫ್ರಿಜ್‌ನಲ್ಲಿ ಒಂದು ದಿನ ಇಡಿ. ಈರುಳ್ಳಿ ಬಿಟ್ಟರೂ ನಡೆಯುತ್ತೆ.

ಮೈಸೂರು_ಸಾನ್‌ಮಿಗೆಲ್
ಬಿಸಿನೀರು ಸುರಿದು ವಿನೆಗರ್ ಹಾಕುವುದು ಅವಸರದ ವಿಧಾನ. ನನ್ನ ಅತ್ತೆ ಉಪ್ಪು ಹಚ್ಚಿ ಮುಚ್ಚಿಟ್ಟು, ಅದರಷ್ಟಕ್ಕೆ ಹುಳಿ ಬರಲು ಬಿಡುತ್ತಾರೆ. ನಾಲ್ಕು ದಿನ ಬಿಟ್ಟು ತಿಂದರೆ ಆ ಘಮವೇ ಬೇರೆ.

ಎಲ್ಎ_ಕನ್ನಡತಿ
ನಾನು ನೋಡಿದ ಹೋಟೆಲ್‌ಗಳಲ್ಲೆಲ್ಲ ವಿನೆಗರ್ರೇ ಸಾರ್. ಅವಸರದ್ದು ಅಂತ ತಳ್ಳಿಹಾಕಬೇಡಿ.

ಪ್ಲೇನೋ_ಪವನ
ಅಕ್ಕಿ ಹಿಟ್ಟಿನ ಪುಪುಸಾ ಬಗ್ಗೆ ಯಾರೂ ಹೇಳಲಿಲ್ಲ. ಸಾನ್ ಸಾಲ್ವಡಾರ್‌ನಿಂದ ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಓಲೊಕುಯಿಲ್ತಾ ಅನ್ನುವ ಊರು ಅದಕ್ಕೇ ಹೆಸರುವಾಸಿ. ಇಲ್ಲೂ ಕೆಲವು ಹೋಟೆಲ್‌ಗಳಲ್ಲಿ ಇರುತ್ತದೆ, ಕೇಳಬೇಕು. ಹೊರಗಿನ ಪದರ ಗರಿಗರಿಯಾಗಿರುತ್ತದೆ. ಜೋಳದ್ದಕ್ಕಿಂತ ನನಗೆ ಅದೇ ಇಷ್ಟ. ನವೆಂಬರ್ ಎರಡನೇ ಭಾನುವಾರ ಅವರಿಗೆ ರಾಷ್ಟ್ರೀಯ ಪುಪುಸಾ ದಿನ. 2005ರಲ್ಲಿ ಅಲ್ಲಿನ ಸಂಸತ್ತೇ ಠರಾವು ಮಾಡಿದೆ. ಆ ದಿನ ಹೋದರೆ ಜನ ತುಂಬಿರುತ್ತಾರೆ, ಆದರೂ ಹೋಗಿ.

ಸ್ಟರ್ಲಿಂಗ್_ಶಿವಮೊಗ್ಗ
ಅಕ್ಕಿಯದ್ದು ನಮ್ಮ ಹೋಟೆಲ್‌ನಲ್ಲಿ ಶನಿವಾರ ಭಾನುವಾರ ಮಾತ್ರ ಅಂತೆ, ಈಗ ಫೋನ್ ಮಾಡಿ ಕೇಳಿದೆ. ಒಂದು ಪ್ರಶ್ನೆ. ಅಮ್ಮ ಹತ್ತು ಹನ್ನೆರಡು ಕಟ್ಟಿಸಿಕೊಂಡು ಬಂದು ಇಡೋಣ ಅನ್ನುತ್ತಿದ್ದಾರೆ. ಫ್ರೀಜರ್‌ನಲ್ಲಿ ಇಡಬಹುದಾ?

ಮೈಸೂರು_ಸಾನ್‌ಮಿಗೆಲ್
ಇಡಬಹುದು. ಪೂರ್ತಿ ಆರಿದ ಮೇಲೆ ಒಂದೊಂದರ ನಡುವೆ ಬೆಣ್ಣೆ ಕಾಗದ ಹಾಕಿ ಇಡಿ. ತಿನ್ನುವಾಗ ಮೈಕ್ರೋವೇವ್ ಬೇಡ, ರಬ್ಬರ್ ಆಗುತ್ತೆ. ಒಣ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ, ಆಮೇಲೆ ಮುಚ್ಚಳ ತೆಗೆದು ಎರಡೂ ಬದಿ ಗರಿ ಮಾಡಿಕೊಳ್ಳಿ. ಕುರ್ತಿದೊ ಮಾತ್ರ ಫ್ರೀಜರ್‌ಗೆ ಹಾಕಬೇಡಿ.

ಹ್ಯೂಸ್ಟನ್_ಹುಬ್ಳಿ
ಕಟ್ಟಿಸೋವಾಗ ಅವರದೇ ಕುರ್ತಿದೊ ಒಂದ್ ಡಬ್ಬಿ ಜಾಸ್ತಿ ಕೇಳ್ರಿ. ಕೊಡ್ತಾರ.